ಯಾತ್ರೆಯಲ್ಲಿ ಮುಪ್ಪಿನವರ ಹೆಜ್ಜೆ

ವೃದ್ಧರಾದ ತಂದೆತಾಯಿಗಳಿಗೆ ಕ್ಷೇತ್ರದರ್ಶನ ಮಾಡಿಸುವುದು ಮಕ್ಕಳ ಕರ್ತವ್ಯವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಅದಕ್ಕಾಗಿ ಹಣ ವೆಚ್ಚಮಾಡಲು ಇಂದಿನ ಮಕ್ಕಳು ಹಿಂಜರಿಯುವುದೂ ಇಲ್ಲ. ಆದರೆ ಕ್ಷೇತ್ರವನ್ನು ಮುಟ್ಟಿದ ಮೇಲೆ ಅವರ ಸಂಗಡ ನಡೆಯುವ ಬಗೆ ಹೇಗಿರಬೇಕು? ಯಾರ ಹೆಜ್ಜೆಗೆ ಯಾರು ಹೆಜ್ಜೆ ಕೂಡಿಸಬೇಕು? ಸೌಕರ್ಯದ ಪ್ರಶ್ನೆಯಂತೆ ಕಾಣುವ ಇದು ಅಹಿಂಸಾಣುವ್ರತಕ್ಕೆ ನೇರವಾಗಿ ಸಂಬಂಧಿಸಿದೆ. ಆದುದರಿಂದ ಶ್ರಾವಕರಾದವರು ಇದನ್ನು ವಿಚಾರಿಸಬೇಕಾಗಿದೆ.

ಒಂದು ಪ್ರಸಂಗವನ್ನು ಭಾವಿಸೋಣ. ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿಯಲ್ಲಿ ವಾಸವಾಗಿರುವ ತಾಯಿಗೆ ಎಪ್ಪತ್ತು ದಾಟಿದೆ. ಹುಬ್ಬಳ್ಳಿಯಲ್ಲಿ ಅಂಗಡಿ ಇಟ್ಟಿರುವ ಮಗನು ಎರಡು ದಿನದ ಬಿಡುವು ಮಾಡಿಕೊಂಡು, ಬಾಡಿಗೆಯ ವಾಹನದಲ್ಲಿ ಆಕೆಯನ್ನು ಕರೆದೊಯ್ಯುತ್ತಾನೆ. ಬೆಳಿಗ್ಗೆ ಬೇಲೂರು, ಮಧ್ಯಾಹ್ನ ಹಳೇಬೀಡು, ಇಳಿಹೊತ್ತಿಗೆ ಶ್ರವಣಬೆಳಗೊಳ. ವಿಂಧ್ಯಗಿರಿಯನ್ನು ಬರಿಗಾಲಿನಿಂದ ಏರಬೇಕು; ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಅರ್ಧ ಏರುವಷ್ಟರಲ್ಲಿ ತಾಯಿ ಬಂಡೆಗೆ ಒರಗಿ ನಿಲ್ಲುತ್ತಾಳೆ. “ನೀ ಹೋಗಿ ಬಾ ತಮ್ಮಾ, ನಾ ಇಲ್ಲೇ ಕುಂಡ್ರತೀನಿ. ನನಗೇನ ದಣಿವಾಗಿಲ್ಲ” ಎನ್ನುತ್ತಾಳೆ. ಮಗನು ಕೈಗಡಿಯಾರವನ್ನು ನೋಡುತ್ತಾನೆ. ಈಗ ಅವನು ಮಾಡಬೇಕಾದುದೇನು?

ತಾಯಿಯ ಮಾತನ್ನು ಮನ್ನಿಸಿ ತಾನೊಬ್ಬನೇ ಏರಿಹೋಗುವುದು ಮೊದಲನೆಯ ದಾರಿ. ಆಕೆಯೇ ಹೇಳಿದಳಲ್ಲ ಎಂಬ ಸಮಾಧಾನ ಅವನಿಗಿದೆ. ಆದರೆ ದಣಿವಾಗಿಲ್ಲವೆಂಬ ಆ ಮಾತು ಮಗನಿಗೆ ಭಾರವಾಗಬಾರದೆಂಬ ಕರುಣೆಯಿಂದ ಬಂದುದು. ಏದುಸಿರು ಬೇರೆಯದನ್ನೇ ಹೇಳುತ್ತಿದೆ. ತನಗೆ ಅನುಕೂಲವಾದ ಮಾತನ್ನು ನಿಜವೆಂದು ಹಿಡಿದು ಕಣ್ಣಿಗೆ ಕಾಣುವುದನ್ನು ಬಿಡುವವನು, ತಾಯಿಯ ಅಸತ್ಯಕ್ಕಿಂತ ದೊಡ್ಡ ಅಸತ್ಯವನ್ನು ತನಗೇ ಹೇಳಿಕೊಳ್ಳುತ್ತಾನೆ.

“ಇನ್ನೇನು ಸ್ವಲ್ಪವೇ ಉಳಿದಿದೆ, ಏಳವ್ವಾ” ಎಂದು ಕೈಹಿಡಿದು ಎಬ್ಬಿಸುವುದು ಎರಡನೆಯ ದಾರಿ. ಇದರಲ್ಲಿ ಪ್ರೀತಿಯಿದ್ದರೂ ಅಪಾಯವೂ ಇದೆ. ಜೀವಕ್ಕೆ ಹತ್ತು ಪ್ರಾಣಗಳೆಂದು ಆಗಮ ಹೇಳುತ್ತದೆ: ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಶ್ವಾಸೋಚ್ಛ್ವಾಸ ಮತ್ತು ಆಯು. ಪ್ರಮಾದದಿಂದ ಪ್ರಾಣಗಳಿಗೆ ಹಾನಿಮಾಡುವುದೇ ಹಿಂಸೆಯೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿದ್ದಾರೆ. ಮುಪ್ಪಿನವರನ್ನು ಅವಸರದಿಂದ ಮೆಟ್ಟಿಲು ಹತ್ತಿಸಿದಾಗ ಪೆಟ್ಟು ಬೀಳುವುದು ಕಾಯಬಲಕ್ಕೆ ಮತ್ತು ಶ್ವಾಸಕ್ಕೆ. ಇರುವೆಯನ್ನು ತುಳಿಯದಂತೆ ನೋಡಿ ನಡೆಯುವ ಶ್ರಾವಕನು, ಪಕ್ಕದಲ್ಲಿ ಏದುಸಿರು ಬಿಡುತ್ತಿರುವ ತಾಯಿಯನ್ನು ನೋಡದಿದ್ದರೆ ಆ ಎಚ್ಚರಿಕೆ ಪೂರ್ಣವಾದೀತೆ? ಮುನಿಗಳ ಈರ್ಯಾಸಮಿತಿಯಲ್ಲಿ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುವ ವಿಧಿಯಿದೆ. ಹಿರಿಯರೊಡನೆ ನಡೆಯುವ ಗೃಹಸ್ಥನು ಹಿಂದಿನ ನಾಲ್ಕು ಮೊಳವನ್ನೂ ನೋಡಬೇಕು.

ಡೋಲಿಯನ್ನು ಕರೆಯುವುದು ಮೂರನೆಯ ದಾರಿ. ನಡೆಯಲಾರದವರಿಗೆ ಅದು ಉಪಕಾರಿ, ಹೊರುವವರಿಗೂ ಜೀವನೋಪಾಯ. ಅದರಲ್ಲಿ ದೋಷವಿಲ್ಲ. ಆದರೆ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದೆಂಬುದನ್ನು ನೆನೆಯಬೇಕು. ಅದು ಎತ್ತಿನ ಗಾಡಿಗೆ ಮಾತ್ರ ಹೇಳಿದ್ದಲ್ಲ. ಹೊರುವವರ ಕೂಲಿಯಲ್ಲಿ ಚೌಕಾಸಿ ಮಾಡಿ, ಬಳಿಕ ಬೇಗ ನಡೆಯಿರೆಂದು ಅವರನ್ನು ಅವಸರಪಡಿಸಿದರೆ, ತಾಯಿಯ ಮೇಲೆ ಹೇರುತ್ತಿದ್ದ ಅವಸರವನ್ನು ಬೇರೆಯವರ ಹೆಗಲಿಗೆ ದಾಟಿಸಿದಂತಾಯಿತು. ಅಲ್ಲದೆ, ತನ್ನ ಕಾಲಿನಿಂದಲೇ ಏರಬೇಕೆಂಬ ಹಂಬಲ ತಾಯಿಗಿದ್ದರೆ ಅದನ್ನೂ ಕೇಳಿ ತಿಳಿಯಬೇಕು.

ಅತಿಚಾರಗಳಲ್ಲಿ ಅನ್ನಪಾನನಿರೋಧವೆಂಬುದೂ ಇದೆ. ಸೂರ್ಯಾಸ್ತದ ಮೇಲೆ ಉಣ್ಣದ ತಾಯಿಯನ್ನು ಮೂರು ಊರು ಸುತ್ತಿಸಿ ಕತ್ತಲಾದ ಮೇಲೆ ಕೆಳಗಿಳಿಸಿದರೆ, ಆಕೆ ಮರುದಿನದವರೆಗೆ ಉಪವಾಸ. ಆಕೆ ಅದನ್ನು ವ್ರತವೆಂದು ಸಹಿಸಬಹುದು. ಮಗನ ಲೆಕ್ಕದಲ್ಲಿ ಅದು ಪ್ರಮಾದವೇ. ಪರದೇಶದಲ್ಲಿ ನೆಲಸಿರುವ ಮಕ್ಕಳು ಈ ವಿಷಯದಲ್ಲಿ ಇನ್ನೂ ಎಚ್ಚರವಾಗಿರಬೇಕು. ಲಂಡನ್ನಿನಲ್ಲಿ ಡಿಸೆಂಬರ್ ತಿಂಗಳಲ್ಲಿ ಸಂಜೆ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಪ್ರಧಾನ ಚರ್ಚಿನ ಗುಮ್ಮಟವನ್ನು ಏರಲು 463 ಮೆಟ್ಟಿಲುಗಳಿವೆ, ಲಿಫ್ಟ್ ಇಲ್ಲ. ಊರು ಯಾವುದಾದರೂ ಮುಪ್ಪಿನ ಮೊಣಕಾಲು ಒಂದೇ.

ನಾಲ್ಕನೆಯ ದಾರಿಯನ್ನು ಬೆಳಗೊಳದ ಐತಿಹ್ಯವೇ ತೋರಿಸುತ್ತದೆ. ಪೌದನಪುರದ ಬಾಹುಬಲಿಯ ದರ್ಶನವಾಗುವವರೆಗೆ ಹಾಲು ಕುಡಿಯುವುದಿಲ್ಲವೆಂದು ಕಾಳಲದೇವಿ ವ್ರತ ಹಿಡಿದಳು. ಮಗನಾದ ಚಾವುಂಡರಾಯನು ಗಂಗರಾಜ್ಯದ ಮಂತ್ರಿ, ದಂಡನಾಯಕ. ಅಷ್ಟು ಕಾರ್ಯಭಾರವಿದ್ದವನು ತಾಯಿಯನ್ನು ಕರೆದುಕೊಂಡು ಹೊರಟನು. ಬೆಳಗೊಳಕ್ಕೆ ಬಂದಾಗ ಪೌದನಪುರವನ್ನು ಮುಟ್ಟುವುದು ಅಸಾಧ್ಯವೆಂದು ಸ್ವಪ್ನದಲ್ಲಿ ತಿಳಿಯಿತು. ಅವನು ತಾಯಿಯನ್ನು ಅಲ್ಲಿಯೇ ಬಿಟ್ಟು ಮುಂದೆ ಹೋಗಲಿಲ್ಲ. ಆಕೆಯನ್ನು ಬಲವಂತದಿಂದ ಮುಂದಕ್ಕೆ ನಡೆಸಲೂ ಇಲ್ಲ. ತಾಯಿ ಬಂದು ನಿಂತ ಸ್ಥಳದಲ್ಲಿಯೇ ದರ್ಶನವು ಆಕೆಯ ಬಳಿಗೆ ಬಂದಿತು. ಕ್ರಿ.ಶ. 981ರ ಸುಮಾರಿಗೆ ನಿರ್ಮಾಣವಾದ, ಸುಮಾರು 58 ಅಡಿ ಎತ್ತರದ ಗೊಮ್ಮಟಮೂರ್ತಿ ಇಂದಿಗೂ ಅಲ್ಲಿದೆ. ಪಾದದ ಬಳಿಯ ಶಾಸನ ಮಾಡಿಸಿದ ಮಗನನ್ನು ಹೆಸರಿಸುತ್ತದೆ. ತಾಯಿಯ ಬಯಕೆಯನ್ನು ಜನರ ಬಾಯಿ ಉಳಿಸಿಕೊಂಡು ಬಂದಿದೆ.

ಎಲ್ಲರೂ ಚಾವುಂಡರಾಯರಾಗಲಾರರು. ಆದರೆ ಕಾರ್ಯಕ್ರಮವನ್ನು ಮೊಟಕುಮಾಡಿ ತಾಯಿಯ ಪಕ್ಕದಲ್ಲಿ ಕುಳಿತುಕೊಳ್ಳುವುದು ಎಲ್ಲರಿಂದಲೂ ಸಾಧ್ಯ. ಅರ್ಧ ಗಳಿಗೆ ಕಳೆದ ಮೇಲೆ ಆಕೆ ತಾನೇ ಎದ್ದರೆ ಏರಲಿ. ಇಲ್ಲವಾದರೆ ಮರುದಿನ ಬೆಳಗಿನ ತಂಪಿನಲ್ಲಿ ಪ್ರಯತ್ನಿಸಬಹುದು. ಅದೂ ಆಗದಿದ್ದರೆ ಎದುರಿಗೆ ಚಿಕ್ಕಬೆಟ್ಟವಿದೆ. ಅದರ ಏರು ಕಡಿಮೆ, ಬಸದಿಗಳು ಅನೇಕ. ಅಲ್ಲಿಂದ ಗೊಮ್ಮಟನ ಮೇಲ್ಭಾಗವೂ ಕಾಣುತ್ತದೆ. ಭದ್ರಬಾಹು ಮುನಿಗಳ ಅಂತ್ಯಕಾಲದಲ್ಲಿ ಚಂದ್ರಗುಪ್ತನು ಜೊತೆಯಲ್ಲಿದ್ದು ಸೇವೆಗೈದನೆಂದು ಪರಂಪರೆ ಹೇಳುವುದು ಆ ಬೆಟ್ಟದ ಮೇಲೆಯೇ. ಸಾಮ್ರಾಜ್ಯವನ್ನು ಬಿಟ್ಟುಬಂದವನು ಮಾಡಿದ ಕೆಲಸ ಅದು. ಇಂತಹ ಸೇವೆಗೆ ವೈಯಾವೃತ್ಯವೆಂದು ಹೆಸರು. ಆರು ಅಂತರಂಗ ತಪಸ್ಸುಗಳಲ್ಲಿ ಅದೂ ಒಂದು.

ಬಿಡುವೇ ಎರಡು ದಿನ, ಖರ್ಚು ಇಷ್ಟು, ಇನ್ನೊಮ್ಮೆ ಬರುವುದು ಹೇಗೆ ಎಂದು ಕೇಳುವವರುಂಟು. ವ್ಯಾಪಾರಸ್ಥರಿಗೆ ಈ ಆಕ್ಷೇಪ ಸಹಜವಾದುದು. ಆದರೆ ಲೆಕ್ಕವನ್ನು ಪೂರ್ತಿ ಬರೆಯಬೇಕು. ಮೂರು ಊರು ನೋಡಿದ್ದನ್ನು ಜಮಾ ಬರೆದವರು ತಾಯಿಯ ದಣಿವನ್ನೂ ಉಪವಾಸವನ್ನೂ ಖರ್ಚು ಬರೆಯದಿದ್ದರೆ ಆ ಕಿರ್ದಿ ತಪ್ಪು. ಹಣವನ್ನು ಪುನಃ ಗಳಿಸಬಹುದು. ಎಪ್ಪತ್ತು ದಾಟಿದವರ ಕಾಯಬಲವನ್ನು ಗಳಿಸಿಕೊಡಲು ಯಾರಿಂದಲೂ ಆಗದು.

ಆದುದರಿಂದ ವಾಹನವನ್ನು ಗೊತ್ತುಮಾಡುವ ಮೊದಲೇ ಹಿರಿಯರನ್ನು ಕೇಳಬೇಕು: ಯಾವುದನ್ನು ನೋಡುವ ಆಸೆ, ಎಷ್ಟು ನಡೆಯಲಾದೀತು, ಊಟ ಎಷ್ಟು ಹೊತ್ತಿಗೆ ಆಗಬೇಕು. ಕ್ಷೇತ್ರಗಳ ಮತ್ತು ಬಸದಿಗಳ ಟ್ರಸ್ಟಿನವರೂ ತಮ್ಮ ಪಾಲಿನ ಕೆಲಸ ಮಾಡಬಹುದು. ಮೆಟ್ಟಿಲುಗಳ ಸಂಖ್ಯೆಯನ್ನು ಬುಡದಲ್ಲಿಯೇ ಬರೆಸುವುದು, ನಡುನಡುವೆ ನೆರಳು, ಕಟ್ಟೆ ಮತ್ತು ಸೋಸಿದ ನೀರನ್ನು ಇರಿಸುವುದು, ಸೂರ್ಯಾಸ್ತಕ್ಕೆ ಮೊದಲು ಊಟ ದೊರೆಯುವಂತೆ ಮಾಡುವುದು, ಡೋಲಿ ಹೊರುವವರಿಗೆ ನ್ಯಾಯವಾದ ದರವನ್ನು ಗೊತ್ತುಪಡಿಸುವುದು ಇವು ದೊಡ್ಡ ವೆಚ್ಚದ ಕೆಲಸಗಳಲ್ಲ. ಹೊಸ ಶಿಖರಕ್ಕೆ ಕೂಡಿಸುವ ದೇಣಿಗೆಯಲ್ಲಿ ಒಂದು ಪಾಲನ್ನು ಹಳೆಯ ಮೆಟ್ಟಿಲಿನ ಪಕ್ಕದ ಒಂದು ಕಟ್ಟೆಗೆ ತೆಗೆದಿಟ್ಟರೆ, ಅಲ್ಲಿ ತಾಯಿಯೂ ಕುಳಿತಾಳು, ಮಗನೂ ಕುಳಿತಾನು.