ತಿದ್ದುವುದೆಷ್ಟು, ಉಳಿಸುವುದೆಷ್ಟು?

ಒಂದು ಕೆಲಸವನ್ನು ಮೊದಲಿದ್ದುದಕ್ಕಿಂತ ಉತ್ತಮಗೊಳಿಸುವುದು ಎಲ್ಲ ಸಂದರ್ಭಗಳಲ್ಲೂ ಒಳ್ಳೆಯದೇ? ಈ ಪ್ರಶ್ನೆ ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಉತ್ತಮವಾದುದನ್ನು ಬೇಡವೆನ್ನುವವರಾರು? ನಾನೂ ಬಹುಕಾಲ ಹೀಗೆಯೇ ಭಾವಿಸಿದ್ದೆ. ಈ ಭಾವನೆಯನ್ನು ನನ್ನಲ್ಲಿ ಅಲುಗಾಡಿಸಿದ್ದು ಯಾವ ಗ್ರಂಥವೂ ಅಲ್ಲ, ಉಪನ್ಯಾಸವೂ ಅಲ್ಲ. ಹುಬ್ಬಳ್ಳಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿರುವ, ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಪ್ಲೈವುಡ್ ಹಲಗೆ. ಅದರ ಮೇಲೆ ಒಂದು ಪುಟ್ಟ ರೈಲು ಓಡುತ್ತದೆ. ವಯಸ್ಸಾದವನು ಆಟಿಕೆಯ ಮಾತನ್ನೆತ್ತಿದನೆಂದು ಬೇಸರಿಸದೆ ಓದಬೇಕಾಗಿ ವಿನಂತಿ.

ಮಾದರಿ ರೈಲ್ವೆ ಎಂಬುದು ಕೀಲಿ ಕೊಟ್ಟು ಬಿಡುವ ಆಟದ ಸಾಮಾನಿಗಿಂತ ಭಿನ್ನವಾದುದು. ನಿಜವಾದ ಎಂಜಿನ್ನು, ಡಬ್ಬಿ, ಹಳಿ, ನಿಲ್ದಾಣಗಳನ್ನು ನಿಶ್ಚಿತ ಪ್ರಮಾಣದಲ್ಲಿ ಕಿರಿದಾಗಿಸಿ, ಒಂದು ಊರಿನ ನಡುವೆಯೋ ಬಯಲಿನ ನಡುವೆಯೋ ಇರಿಸುವ ವಿದ್ಯೆ ಅದು. ನಮ್ಮ ಹಲಗೆಯ ಮೇಲಿರುವುದು ಎಂಬತ್ತೇಳನೆಯ ಒಂದು ಪಾಲಿನ ಪ್ರಮಾಣ. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದೂ ಇದೇ. ಎರಡು ಹಳಿಗಳ ನಡುವಿನ ಅಂತರ 16.5 ಮಿ.ಮೀ. ಹಳಿಗಳ ಮೂಲಕವೇ 12 ವೋಲ್ಟಿನ ವಿದ್ಯುತ್ತು ಹರಿದು, ಗಾಲಿಗಳ ಮುಖಾಂತರ ಎಂಜಿನ್ನಿನೊಳಗಿನ ಮೋಟಾರನ್ನು ಸೇರುತ್ತದೆ. ವಿದ್ಯುತ್ತಿನ ಧ್ರುವಗಳನ್ನು ಅದಲುಬದಲು ಮಾಡಿದರೆ ರೈಲು ಹಿಂದಕ್ಕೆ ಓಡುತ್ತದೆ.

ಇಷ್ಟನ್ನು ಕೇಳಿದವರಿಗೆ ಇದೆಲ್ಲವೂ ಅಳತೆಗೆ ತಕ್ಕಂತೆ ನಡೆಯುವ ಸತ್ಯನಿಷ್ಠ ಕೆಲಸವೆನಿಸುವುದು ಸಹಜ. ಆದರೆ ಅಳತೆಪಟ್ಟಿ ಹಿಡಿದು ಕುಳಿತ ಮೊದಲ ದಿನವೇ ಆ ಭ್ರಮೆ ಹರಿದುಹೋಗುತ್ತದೆ. ನಮ್ಮ ಹುಬ್ಬಳ್ಳಿ ನಿಲ್ದಾಣದಲ್ಲಿ 2023ರಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮಿನ ಉದ್ದ 1507 ಮೀಟರ್. ಅದನ್ನು ಎಂಬತ್ತೇಳರಿಂದ ಭಾಗಿಸಿದರೂ ಹದಿನೇಳು ಮೀಟರಿಗೂ ಹೆಚ್ಚು ಉಳಿಯುತ್ತದೆ. ಅದು ಹಿಡಿಸಬೇಕಾದರೆ ನಮ್ಮ ಮನೆಯ ಜೊತೆಗೆ ನೆರೆಮನೆಯ ಗೋಡೆಯನ್ನೂ ಒಡೆಯಬೇಕಾದೀತು. ನಮ್ಮ ಬ್ರಾಡ್‌ಗೇಜ್ ಮಾರ್ಗದಲ್ಲಿ ಅತ್ಯಂತ ಬಿಗಿಯಾದ ತಿರುವಿನ ತ್ರಿಜ್ಯವೂ 175 ಮೀಟರಿಗೆ ಕಡಿಮೆ ಇರಕೂಡದೆಂದು ನಿಯಮ. ಕಿರಿದಾಗಿಸಿದಾಗ ಅದು ಎರಡು ಮೀಟರ್. ಅಂದರೆ ರೈಲು ಒಂದು ಸುತ್ತು ತಿರುಗಲು ಕೋಣೆಯಲ್ಲಿ ನಾಲ್ಕು ಮೀಟರ್ ಅಗಲ ಬೇಕು. ನಮ್ಮ ಹಲಗೆಯ ಮೇಲಿನ ತಿರುವಿನ ತ್ರಿಜ್ಯ ಹದಿನೆಂಟು ಅಂಗುಲ ಮಾತ್ರ. ನಿಜವಾದ ರೈಲು ಅಂಥ ತಿರುವಿನಲ್ಲಿ ಹಳಿಯ ಮೇಲೆ ನಿಲ್ಲಲಾರದು.

ಹಳಿಯ ಅಗಲವೂ ಹಾಗೆಯೇ. ಭಾರತದ ಬ್ರಾಡ್‌ಗೇಜ್ 1676 ಮಿ.ಮೀ. ಅದಕ್ಕೆ ಸರಿಹೊಂದಬೇಕಾದರೆ ನಮ್ಮ ಪುಟ್ಟ ಹಳಿಗಳ ಅಂತರ 19 ಮಿ.ಮೀ.ಗಿಂತ ತುಸು ಹೆಚ್ಚಿರಬೇಕಿತ್ತು, ಇರುವುದು 16.5. ಬ್ರಿಟನ್ನಿನವರ ಪಾಡು ಇನ್ನೂ ಸ್ವಾರಸ್ಯಕರವಾದುದು. ಅವರ ಎಂಜಿನ್ನುಗಳು ಗಾತ್ರದಲ್ಲಿ ಚಿಕ್ಕವು. ಅಂದಿನ ಮೋಟಾರುಗಳು ಅವುಗಳ ಮಾದರಿಯೊಳಗೆ ಹಿಡಿಸದಾದವು. ಆದ್ದರಿಂದ ಅವರು ಎಂಜಿನ್ನನ್ನು ಒಂದು ಅಡಿಗೆ 4 ಮಿ.ಮೀ.ನಂತೆ ದೊಡ್ಡದು ಮಾಡಿ, ಹಳಿಯನ್ನು ಮಾತ್ರ ಹಳೆಯ ಅಳತೆಯಲ್ಲೇ ಉಳಿಸಿಕೊಂಡರು. ಫಲವಾಗಿ ನಾಲ್ಕು ಅಡಿ ಎಂಟೂವರೆ ಅಂಗುಲವಿರಬೇಕಾದ ಹಳಿ ನಾಲ್ಕು ಅಡಿ ಒಂದೂವರೆ ಅಂಗುಲದಂತೆ ಕಾಣತೊಡಗಿತು. ಈ ಏಳು ಅಂಗುಲದ ಸುಳ್ಳನ್ನು ಸಹಿಸಲಾರದವರು ಹಳಿಯನ್ನು ಮೊದಲು 18 ಮಿ.ಮೀ.ಗೆ, ಅನಂತರ ಕೂದಲೆಳೆ ತಪ್ಪದಂತೆ 18.83 ಮಿ.ಮೀ.ಗೆ ಅಗಲಿಸಿದರು. ಪ್ರತಿ ಗಾಲಿಯನ್ನೂ ಪ್ರತಿ ಕವಲುಹಳಿಯನ್ನೂ ಹೊಸದಾಗಿ ಮಾಡಿಕೊಂಡರು. ಉಳಿದ ಬಹುಮಂದಿ ಆ ಏಳು ಅಂಗುಲದೊಡನೆ ಇಂದಿಗೂ ನೆಮ್ಮದಿಯಿಂದಿದ್ದಾರೆ. ಯಾರ ನಡೆ ಸರಿ ಎಂಬ ತೀರ್ಪು ನನ್ನಿಂದಾಗದು. ಆದರೆ ಒಂದು ಮಾತು ನಿಶ್ಚಿತ: ಈ ವಿದ್ಯೆಯಲ್ಲಿ ತೊಡಗಿದ ಪ್ರತಿಯೊಬ್ಬನೂ ಕೆಲವು ತಪ್ಪುಗಳನ್ನು ತಿಳಿದೂ ತಿಳಿದೂ ಇಟ್ಟುಕೊಳ್ಳುತ್ತಾನೆ. ಯಾವುದನ್ನು ತಿದ್ದುತ್ತಾನೆ, ಯಾವುದನ್ನು ಇಟ್ಟುಕೊಳ್ಳುತ್ತಾನೆ ಎಂಬಲ್ಲಿಯೇ ಅವನ ಸ್ವಭಾವ ಬಯಲಾಗುತ್ತದೆ.

ನನ್ನ ಸ್ವಭಾವ ಬಯಲಾದ ಸಂಗತಿಯನ್ನು ಹೇಳುವುದಕ್ಕಾಗಿಯೇ ಈ ಲೇಖನ.

1996ರಲ್ಲಿ ಜರ್ಮನಿಯಲ್ಲಿದ್ದ ಬಂಧುಗಳೊಬ್ಬರು ನನ್ನ ಹತ್ತು ವರ್ಷದ ಮಗನಿಗೆಂದು ಒಂದು ರೈಲಿನ ಪೆಟ್ಟಿಗೆ ತಂದುಕೊಟ್ಟರು. ಎಂಜಿನ್ನು, ಮೂರು ಡಬ್ಬಿ, ವರ್ತುಲಕ್ಕಾಗುವಷ್ಟು ಹಳಿ. ತಂದೆ ಮಗ ಸೇರಿ ಬಡಗಿಯಿಂದ ಹಲಗೆ ಕೊಯ್ಸಿ ತಂದೆವು. ಡಬ್ಬಿಗಳಿಗೆ ಅಂದಿನ ನಮ್ಮ ರೈಲುಗಳ ಇಟ್ಟಿಗೆಗೆಂಪು ಬಳಿದೆವು. ಥರ್ಮೊಕೋಲಿನ ಗುಡ್ಡ, ಬಣ್ಣ ಹಾಕಿದ ಮರದ ಹೊಟ್ಟಿನ ಹುಲ್ಲು, ಪೊರಕೆಕಡ್ಡಿಯ ತಂತಿಕಂಬ ಇವೆಲ್ಲ ಒಂದು ಬೇಸಿಗೆಯ ರಜೆಯಲ್ಲಿ ಆದವು. ನಿಲ್ದಾಣದ ಕಟ್ಟಡವನ್ನು ಮಾತ್ರ ಮಗ ತಾನೊಬ್ಬನೇ ಮಾಡುವೆನೆಂದು ಹಟ ಹಿಡಿದ. ಚಪ್ಪಲಿಯ ಡಬ್ಬದ ರಟ್ಟಿನಿಂದ ಗೋಡೆ, ಬೆಂಕಿಪೆಟ್ಟಿಗೆಯಿಂದ ಟಿಕೆಟ್ಟಿನ ಕಿಟಕಿ, ಹಳದಿ ಕಾಗದದ ಮೇಲೆ ಕರಿಯ ಮೇಣದ ಕಡ್ಡಿಯಿಂದ ನಮ್ಮ ಓಣಿಯ ಹೆಸರಿನ ಫಲಕ. ಬಾಗಿಲ ಪಕ್ಕದಲ್ಲಿ ಪ್ರಯಾಣಿಕರಿಗೆಂದು ನೀರಿನ ಗಡಿಗೆ. ಅದು ಮಣ್ಣಿನ ಒಂದು ಗುಂಡು. ಬಾಗಿಲು ನಾಲ್ಕು ಸೆಂಟಿಮೀಟರ್ ಎತ್ತರವಿತ್ತು. ಪ್ರಮಾಣದ ಲೆಕ್ಕದಲ್ಲಿ ಅದು ಹನ್ನೊಂದು ಅಡಿಗಿಂತ ಹೆಚ್ಚು. ಆನೆ ತಲೆಬಾಗದೆ ಒಳಹೋಗಬಹುದಿತ್ತು.

ನಾನು ಆ ಹೊತ್ತಿಗೆ ಈ ವಿದ್ಯೆಯ ಕುರಿತು ಕೈಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದ್ದೆ. ಓದಿದಷ್ಟೂ ಆ ಬಾಗಿಲು ನನ್ನ ಕಣ್ಣನ್ನು ಚುಚ್ಚತೊಡಗಿತು. ಒಂದು ವರ್ಷದ ಮೇಲೆ ಅದೇ ಬಂಧುಗಳಿಗೆ ಬರೆದು, ಜೋಡಿಸಿಕೊಳ್ಳುವ ಪ್ಲಾಸ್ಟಿಕ್ ನಿಲ್ದಾಣವೊಂದನ್ನು ತರಿಸಿದೆ. ಮಗ ಶಾಲೆಗೆ ಹೋಗಿದ್ದ ಒಂದು ದಿನ ಹಳೆಯದನ್ನು ತೆಗೆದು ಹೊಸದನ್ನು ಕೂಡಿಸಿದೆ. ಸಂಜೆ ಬಂದವನು ಹಲಗೆಯ ಮುಂದೆ ಸ್ವಲ್ಪ ಹೊತ್ತು ನಿಂತು, “ಅಪ್ಪಾ, ನಂದು ಎಲ್ಲಿ ಹೋತು?” ಎಂದ. “ಅದು ಅಳತಿಗೆ ಕೂಡತಿದ್ದಿಲ್ಲಪಾ” ಎಂದೆ. ಅವನು ಎದುರಾಡಲಿಲ್ಲ. ಅನಂತರವೂ ಕೆಲವು ದಿನ ರೈಲು ಓಡಿಸಿದ. ಬರಬರುತ್ತ ಆ ಕೋಣೆಗೆ ಬರುವುದನ್ನು ಬಿಟ್ಟ. ಮಕ್ಕಳ ಆಸಕ್ತಿ ಕ್ಷಣಿಕವಾದುದೆಂದು ನಾನು ನನ್ನ ಪತ್ನಿಗೆ ಸಮಾಧಾನ ಹೇಳಿದೆ. ಅವಳು ಉತ್ತರ ಕೊಡಲಿಲ್ಲವೆಂಬುದು ಈಗ ನೆನಪಾಗುತ್ತದೆ.

ಹೊಸ ನಿಲ್ದಾಣದ ಬಾಗಿಲು ಸರಿಯಾಗಿ ಇಪ್ಪತ್ನಾಲ್ಕು ಮಿ.ಮೀ. ಇತ್ತು. ಆದರೆ ಅದರ ಮಾಡು ಹಿಮ ಜಾರಿ ಬೀಳಲೆಂದು ಕಡಿದಾಗಿ ಇಳಿದಿತ್ತು! ಹುಬ್ಬಳ್ಳಿಯ ಬಿಸಿಲಿನಲ್ಲಿ, ಇಟ್ಟಿಗೆಗೆಂಪು ಡಬ್ಬಿಗಳ ಪಕ್ಕದಲ್ಲಿ ಜರ್ಮನಿಯ ಹಳ್ಳಿಯೊಂದರ ನಿಲ್ದಾಣ. ಅಳತೆಯಲ್ಲಿ ಸರಿ, ನೆಲದಲ್ಲಿ ತಪ್ಪು. ತೆಗೆದುಹಾಕಿದ್ದು ಅಳತೆಯಲ್ಲಿ ತಪ್ಪು, ಉಳಿದೆಲ್ಲದರಲ್ಲಿ ಸರಿ. ಇಷ್ಟು ಸರಳವಾದ ವಿಷಯ ನನಗೆ ತಿಳಿಯಲು ಹತ್ತು ವರ್ಷ ಬೇಕಾಯಿತು.

ತಿದ್ದುಪಡಿಯೇ ಬೇಡವೆಂಬ ವಾದ ನನ್ನದಲ್ಲ. ಹಳಿಯ ಮೇಲೆ ಧೂಳು ಜಿಡ್ಡು ಕಟ್ಟಿದರೆ ವಿದ್ಯುತ್ತು ಹರಿಯದೆ ಎಂಜಿನ್ನು ಮುಗ್ಗರಿಸುತ್ತದೆ, ಒರೆಸಲೇಬೇಕು. ಹಳಿಗಳನ್ನು ಕೂಡಿಸುವ ತಗಡಿನ ಜೋಡಣೆ ವರ್ಷಗಳು ಕಳೆದಂತೆ ಸಡಿಲವಾಗುತ್ತದೆ. ದೂರದ ತುದಿಯಲ್ಲಿ ರೈಲು ಏದುಸಿರು ಬಿಡುತ್ತದೆ. ಆಗ ಪ್ರತಿ ಹಳಿಯ ತುಂಡಿಗೂ ಕೆಳಗಿನಿಂದ ಪ್ರತ್ಯೇಕ ತಂತಿ ಬೆಸೆಯಬೇಕು. ಡಬ್ಬಿ ಕವಲಿನಲ್ಲಿ ಪದೇ ಪದೇ ಹಳಿ ತಪ್ಪಿದರೆ ಅಚ್ಚಿನ ಎರಡು ಗಾಲಿಗಳ ಒಳಮೈಗಳ ನಡುವಿನ ಅಂತರವನ್ನು ಅಳೆಯಬೇಕು, ಹದಿನಾಲ್ಕೂವರೆ ಮಿ.ಮೀ.ಗೆ ಸಮೀಪವಿರಬೇಕಾದುದು ಎಳ್ಳಷ್ಟು ಹೆಚ್ಚಾಗಿದ್ದರೂ ಗಾಲಿಯ ಅಂಚು ಕವಲಿನ ಮೂಗನ್ನು ಹತ್ತುತ್ತದೆ. ಇವನ್ನು ತಿದ್ದದೆ ಬಿಡುವುದು ಸೋಮಾರಿತನ. ಇಂಥ ದೋಷಗಳ ಲಕ್ಷಣವೆಂದರೆ ಅವು ತಾವೇ ಬಾಯಿಬಿಟ್ಟು ಹೇಳುತ್ತವೆ: ರೈಲು ನಿಲ್ಲುತ್ತದೆ, ಉರುಳುತ್ತದೆ. ಮಗನ ಬಾಗಿಲು ಯಾವ ರೈಲನ್ನೂ ನಿಲ್ಲಿಸಿರಲಿಲ್ಲ. ಅದು ತಡೆದದ್ದು, ನೋಡಲು ಬಂದವರು ನನ್ನ ಕೈಚಳಕವನ್ನು ಹೊಗಳುವುದನ್ನು ಮಾತ್ರ. ನಾಚಿಕೆಯನ್ನು ನಾನು ದೋಷವೆಂದು ಕರೆದೆ.

ಈ ವಿದ್ಯೆಯ ಹಿರಿಯರು ಇಲ್ಲಿ ಹೇಗೆ ನಡೆದುಕೊಂಡರೆಂಬುದನ್ನು ಆಮೇಲೆ ತಿಳಿದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ಜಾನ್ ಅಲೆನ್ ಎಂಬುವರು ಸುಮಾರು 1946ರಲ್ಲಿ ಏಳು ಅಡಿಗೂ ಕಡಿಮೆ ಉದ್ದದ ಹಲಗೆಯ ಮೇಲೆ ತಮ್ಮ ಮೊದಲ ರೈಲ್ವೆ ಕಟ್ಟಿದರು. ಅದಕ್ಕೆ ಇಟ್ಟ ಹೆಸರನ್ನು ಗಟ್ಟಿಯಾಗಿ ಓದಿದರೆ ‘ರಕ್ತಸಿಕ್ತ ಮತ್ತು ಪರಾಜಿತ’ ಎಂಬರ್ಥದ ಇಂಗ್ಲಿಷ್ ಮಾತು ಕೇಳಿಸುತ್ತದೆ. ಅಂಥ ವಿನೋದಪ್ರಿಯರು ಅವರು. ಮುಂದೆ ಮನೆಯ ನೆಲಮಾಳಿಗೆಯನ್ನೇ ತುಂಬುವ, ನೆಲದಿಂದ ಸೂರಿನವರೆಗೆ ಪರ್ವತಗಳೇರಿದ ಮಹಾಮಾರ್ಗವನ್ನು ಕಟ್ಟಿದಾಗ ಅವರ ಕೈ ಬಹಳ ಪಳಗಿತ್ತು. ಹಳೆಯ ಪುಟ್ಟ ಹಲಗೆಯನ್ನು ಅವರು ಎಸೆಯಲಿಲ್ಲ; ಆ ಮಹಾಮಾರ್ಗದ ಒಂದು ಭಾಗವಾಗಿ ಅದನ್ನು ಒಳಗೆ ಸೇರಿಸಿಕೊಂಡರು. ಅವರ ರೈಲ್ವೆಯಲ್ಲಿ ಡಬ್ಬಿಗಳನ್ನು ಅತ್ತಿತ್ತ ಸರಿಸುವ ಕೆಲಸಕ್ಕೆ ಎಮ್ಮಾ ಎಂಬ ಒಂದು ಡೈನೋಸಾರ್ ಕೂಡ ಇತ್ತು! 1973ರ ಜನವರಿಯಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಹತ್ತು ದಿನಗಳ ಮೇಲೆ ಬೆಂಕಿ ತಗುಲಿ, ಇಪ್ಪತ್ತು ವರ್ಷಗಳ ಆ ಕೃತಿಯ ಬಹುಭಾಗ ಬೂದಿಯಾಯಿತು.

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ, ಲಾಂಗ್ ವಿಟೆನ್‌ಹ್ಯಾಮ್ ಎಂಬ ಹಳ್ಳಿಯಲ್ಲಿ ಪೆಂಡನ್ ಎಂಬ ವಸ್ತುಸಂಗ್ರಹಾಲಯವಿದೆ. ರಾಯ್ ಇಂಗ್ಲೆಂಡ್ ಎಂಬುವರು 1954ರಲ್ಲಿ ಸ್ಥಾಪಿಸಿದ್ದು. ನಿಷ್ಠುರ ಅಳತೆಗೆ ಅದರಷ್ಟು ಹೆಸರಾದ ಸ್ಥಳ ವಿರಳ. ಒಂದೊಂದು ಹುಲ್ಲಿನ ಮನೆಯನ್ನೂ ನಿಜವಾದ ಮನೆಯ ಅಳತೆ ತೆಗೆದು ಮಾಡುತ್ತಾರೆ. ಅದೇ ಸೂರಿನಡಿಯಲ್ಲಿ, 1961ರಲ್ಲಿ ತೀರಿಕೊಂಡ ಜಾನ್ ಅಹರ್ನ್ ಎಂಬುವರು ಕಟ್ಟಿದ್ದ ‘ಮ್ಯಾಡರ್ ವ್ಯಾಲಿ’ ಎಂಬ ಹಳೆಯ ರೈಲ್ವೆಯನ್ನೂ ಇರಿಸಿದ್ದಾರೆ. ಅದರಲ್ಲಿರುವುದು ಅದೇ ಏಳು ಅಂಗುಲ ಕಿರಿದಾದ ಹಳಿ. ಊರುಗಳೂ ಕಲ್ಪಿತ. ಪೆಂಡನ್ನಿನವರ ಕಣ್ಣಿಗೆ ಅದರ ತಪ್ಪುಗಳು ಕಾಣದಿರಲು ಸಾಧ್ಯವೇ? ಆದರೂ ಅವರು ಅದನ್ನು ತಮ್ಮ ಅಳತೆಗೆ ಎಳೆಯಲಿಲ್ಲ. ಅಹರ್ನ್ ಕಟ್ಟಿದ ರೂಪದಲ್ಲೇ ಕಾಪಾಡಿಕೊಂಡು ಬಂದಿದ್ದಾರೆ. ತಮ್ಮ ಕೆಲಸದಲ್ಲಿ ಕಠೋರರಾದವರು ಪರರ ಕೆಲಸದಲ್ಲಿ ಇಷ್ಟು ಮೃದುವಾಗಿರಬಲ್ಲರೆಂಬುದು ನನಗೆ ಪಾಠವಾಯಿತು. ನಾನು ಮಾಡಿದ್ದು ಇದಕ್ಕೆ ತಲೆಕೆಳಗು: ನನ್ನ ಹದಿನೆಂಟು ಅಂಗುಲದ ತಿರುವನ್ನು ಕ್ಷಮಿಸಿಕೊಂಡೆ, ಮಗನ ನಾಲ್ಕು ಸೆಂಟಿಮೀಟರ್ ಬಾಗಿಲನ್ನು ಕ್ಷಮಿಸಲಿಲ್ಲ.

ಬಕಿಂಗ್‌ಹ್ಯಾಮ್ ಎಂಬ ಮಾದರಿ ರೈಲ್ವೆಯನ್ನು ದಶಕಗಟ್ಟಲೆ ಕಟ್ಟಿ ಬೆಳೆಸಿದ ಪಾದ್ರಿ ಪೀಟರ್ ಡೆನ್ನಿಯವರ ಸಂಗತಿಯೂ ಇಲ್ಲಿ ನೆನಪಾಗುತ್ತದೆ. ಅವರ ರೈಲ್ವೆ ನಡೆಸಲು ಇನ್ನೊಂದು ನಿಲ್ದಾಣದಲ್ಲಿ ಮಗ ಕುಳಿತಿರಬೇಕಾಗಿತ್ತು. ಮುಂದೆ ಆ ಕೆಲಸ ಮಾಡುವ ಯಂತ್ರವೊಂದನ್ನು ಅವರೇ ರಚಿಸಿ, ಅದಕ್ಕೆ ಮಗನ ಹೆಸರನ್ನೇ ಸೇರಿಸಿ ಕರೆದರು. ವಿನೋದಕ್ಕಾಗಿ ಇಟ್ಟ ಹೆಸರಿರಬೇಕು. ನನಗೆ ಮಾತ್ರ ಅದನ್ನು ಓದಿದಾಗ ನಗು ಬರಲಿಲ್ಲ.

ಈ ಪತ್ರಿಕೆಯ ವಾಚಕರಲ್ಲಿ ಬಸದಿಗಳ ವಿಶ್ವಸ್ತರು ಅನೇಕರಿದ್ದಾರೆ. ಜೀರ್ಣೋದ್ಧಾರದ ಸಭೆಗಳಲ್ಲಿ ನಾನೂ ಕುಳಿತಿದ್ದೇನೆ. ಸೋರುವ ಮಾಡನ್ನು ಸರಿಪಡಿಸುವ ಮಾತು ಎಲ್ಲಿ ಮುಗಿದು, ಹಿರಿಯರು ಹಾಸಿದ ಸವೆದ ಕಲ್ಲನ್ನು ಕಿತ್ತು ಹೊಳೆಯುವ ಹಾಸು ಹಾಕಿಸುವ ಮಾತು ಎಲ್ಲಿ ಆರಂಭವಾಗುತ್ತದೆಂಬುದು ಅಲ್ಲಿಯೂ ಯಾರಿಗೂ ಗೊತ್ತಾಗುವುದಿಲ್ಲ. ಇದು ಪ್ರಸಂಗಾಂತರ, ಬಿಡೋಣ.

ಮಗ ಬೆಂಗಳೂರಿನಲ್ಲಿ ನೆಲೆಸಿದ ಮೇಲೆ, ಹಳೆಯ ರಟ್ಟಿನ ನಿಲ್ದಾಣವನ್ನು ಮನೆಯೆಲ್ಲ ಹುಡುಕಿದೆ. ರದ್ದಿಯವನಿಗೆ ಹೋಗಿತ್ತೋ, ಗೆದ್ದಲು ತಿಂದಿತೋ, ಸಿಗಲಿಲ್ಲ. ಪ್ರಾಯಶ್ಚಿತ್ತವೆಂಬಂತೆ ನಾನೇ ಅಂಥದೊಂದನ್ನು ಮಾಡಲು ಕುಳಿತೆ. ಚಪ್ಪಲಿ ಡಬ್ಬದ ರಟ್ಟು, ಬೆಂಕಿಪೆಟ್ಟಿಗೆ, ಹಳದಿ ಕಾಗದ ಎಲ್ಲ ತಂದುಕೊಂಡೆ. ಅಕ್ಷರಗಳನ್ನು ಬೇಕೆಂದೇ ಸೊಟ್ಟಗೆ ಬರೆದೆ. ಬಾಗಿಲನ್ನು ನಾಲ್ಕು ಸೆಂಟಿಮೀಟರ್ ಎತ್ತರಕ್ಕೆ ಕೊಯ್ದೆ. ಮುಗಿದ ಮೇಲೆ ನೋಡಿದರೆ, ಹುಡುಗನ ಕೈಯನ್ನು ಅಣಕಿಸಿದಂತೆ ಕಾಣುತ್ತಿತ್ತು. ಅವನ ಬಾಗಿಲು ದೊಡ್ಡದಾದದ್ದು ಅದರೊಳಗೆ ಎಲ್ಲರೂ ಹೋಗಲೆಂದು. ನನ್ನದು ದೊಡ್ಡದಾದದ್ದು ಅಳತೆಪಟ್ಟಿಯಿಂದ. ಅದನ್ನು ಮುರಿದು ಹಾಕಿದೆ. ಒಮ್ಮೆ ತೆಗೆದ ಕೆಲವನ್ನು ಮತ್ತೆ ಇಡಲಾಗದು.

ಮಗನಿಗೆ ಇದನ್ನು ಹೇಳಿದೆ. ಅವನು ನಕ್ಕು, ಆ ನಿಲ್ದಾಣ ತನಗೆ ನೆನಪೇ ಇಲ್ಲವೆಂದ. ನೆನಪಿಲ್ಲದಿರುವುದು ನಿಜವಿರಬಹುದು, ನನ್ನ ಮೇಲಿನ ಕರುಣೆಯೂ ಇರಬಹುದು. ಅವನಿಗೆ ನೆನಪಿಲ್ಲವಾದ್ದರಿಂದ ನನ್ನ ತಪ್ಪು ಇಲ್ಲವಾಗುತ್ತದೆಯೇ ಎಂಬುದನ್ನು ನಾನು ಇನ್ನೂ ಯೋಚಿಸುತ್ತಿದ್ದೇನೆ.

ಈ ರಜೆಯಲ್ಲಿ ಅವನ ಆರು ವರ್ಷದ ಮಗಳು ಬಂದಿದ್ದಾಳೆ. ಬಂದ ಮೂರನೆಯ ದಿನ ಹಿತ್ತಲ ಮಣ್ಣಿನಿಂದ ಒಂದು ಕೋಳಿ ಮಾಡಿ, ಒಣಗಿಸಿ, ತಂದು ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸಿ, “ಅಜ್ಜಾ, ಇದು ಇಲ್ಲೇ ಇರಲಿ. ಊರಿಗೆ ಹೋಗಲಿಕ್ಕೆ ನಿಂತದ” ಎಂದಳು. ಅಳೆಯಬಾರದೆಂದುಕೊಂಡರೂ ಅಳೆದೆ: ಹನ್ನೆರಡು ಸೆಂಟಿಮೀಟರ್. ಪ್ರಮಾಣದಲ್ಲಿ ಮೂವತ್ತನಾಲ್ಕು ಅಡಿ. ಎಮ್ಮಾಳನ್ನು ನೆನೆದುಕೊಂಡು ಸುಮ್ಮನಾದೆ.

ಆದರೆ ನಿನ್ನೆ ರಾತ್ರಿ ರೈಲು ಓಡಿಸಿದಾಗ ಮೊದಲನೆಯ ಡಬ್ಬಿಯ ಮೂಲೆ ಕೋಳಿಯ ಬಾಲಕ್ಕೆ ತಗುಲಿ, ಡಬ್ಬಿ ಹಳಿ ಬಿಟ್ಟಿತು. ಇದು ನಿಜವಾದ ದೋಷ. ತಿರುವಿನಲ್ಲಿ ಡಬ್ಬಿಯ ಮೂಲೆ ಹೊರಕ್ಕೆ ಚಾಚುತ್ತದೆ. ಕೋಳಿ ಒಂದು ಸೆಂಟಿಮೀಟರಿನಷ್ಟಾದರೂ ಹಿಂದೆ ಸರಿಯಬೇಕು. ಕೈ ಚಾಚಿದವನು ಹಿಂದಕ್ಕೆ ತೆಗೆದುಕೊಂಡೆ. ಅವಳು ಮಲಗಿದ್ದಳು. ಬೆಳಗ್ಗೆ ಎದ್ದ ಮೇಲೆ ಡಬ್ಬಿ ಉರುಳಿದ್ದನ್ನು ತೋರಿಸಿ, ಎಲ್ಲಿಗೆ ಸರಿಸೋಣವೆಂದು ಅವಳನ್ನೇ ಕೇಳಬೇಕೆಂದಿದ್ದೇನೆ.