ವನದ ಒಡೆಯ ಯಾರು?

ವನಸ್ಪತಿ ಎಂದರೆ ಈಗ ಗಿಡ, ಮರ, ಬಳ್ಳಿ ಎಲ್ಲವೂ ಹೌದು. ನಾಟಿ ಔಷಧಿ ಕೊಡುವವರ ಬಾಯಲ್ಲಿ ಬೇರು ನಾರೂ ಹೌದು. ಬಿಡಿಸಿದರೆ ಸಿಗುವ ಅರ್ಥ ‘ವನದ ಒಡೆಯ’. ಚರಕಸಂಹಿತೆ ಮಾತ್ರ ಈ ಒಡೆತನವನ್ನು ಸಿಕ್ಕಸಿಕ್ಕ ಗಿಡಕ್ಕೆಲ್ಲ ಹಂಚುವುದಿಲ್ಲ. ಅದರ ಮೊದಲ ಅಧ್ಯಾಯದ ಪ್ರಕಾರ ಹಬ್ಬುವುದು ವೀರುಧ, ಕಾಯಿ ಬಲಿತೊಡನೆ ಒಣಗುವುದು ಓಷಧಿ, ಹೂವೂ ಹಣ್ಣೂ ಬಿಡುವುದು ವಾನಸ್ಪತ್ಯ. ಹೂ ತೋರದೆ ಹಣ್ಣು ಕೊಡುವುದಷ್ಟೇ ವನಸ್ಪತಿ: ಅತ್ತಿ, ಆಲ, ಅರಳಿಗಳ ಬಳಗ. ಸಂಪಿಗೆ ಊರೆಲ್ಲ ಘಮಘಮಿಸಿದರೂ ಆ ಬಿರುದು ಅದಕ್ಕಿಲ್ಲ.

ಅತ್ತಿ ಕಾಂಡದ ಮೇಲೇ ಗೊಂಚಲುಗಟ್ಟುತ್ತದೆ. ಒಂದು ಕಾಯಿ ಸೀಳಿ ನೋಡಿ. ಒಳಗೋಡೆಗೆ ಒತ್ತೊತ್ತಾಗಿ ಅಂಟಿಕೊಂಡ ಎಳೆಗಳೆಲ್ಲ ಹೂವೇ. ತುದಿಯಲ್ಲಿರುವ ಸಣ್ಣ ಕಣ್ಣಿನಿಂದ ನುಸಿಯಷ್ಟೇ ಗಾತ್ರದ ಹೆಣ್ಣು ಕಣಜ ಒಳನುಗ್ಗುತ್ತದೆ. ಆ ಇಕ್ಕಟ್ಟಿನಲ್ಲಿ ಅದರ ರೆಕ್ಕೆ ಉದುರುತ್ತದೆ. ಹೊತ್ತು ತಂದ ಪರಾಗ ಹೂಗಳಿಗೆ ತಾಗಿಸಿ, ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ. ಒಳಗೆ ಹುಟ್ಟುವ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಹೆಣ್ಣುಗಳು ಹಾರಿಹೋಗಲು ದಾರಿ ಕೊರೆದುಕೊಟ್ಟು ಅವೂ ಮುಗಿಯುತ್ತವೆ. ಮೇಲೆ ಕೆಂಪು, ಒಳಗೆಲ್ಲ ಹುಳು ಎಂದು ಕಪಟಿಗಳನ್ನು ಹಳಿಯಲು ನಾವು ಅತ್ತಿಹಣ್ಣನ್ನು ಎಳೆದು ತರುತ್ತೇವೆ. ನನಗದು ಶುದ್ಧ ಅನ್ಯಾಯವೆನಿಸುತ್ತದೆ. ಆ ಹುಳುವಿಲ್ಲದಿದ್ದರೆ ಅತ್ತಿಯಲ್ಲಿ ಬೀಜ ಕಟ್ಟುವುದೇ ಇಲ್ಲ.

ಜೈನರು ಆ ಹುಳುವನ್ನು ಬೇರೆ ರೀತಿ ನೋಡಿದರು. ಗೃಹಸ್ಥರಾದ ಶ್ರಾವಕರು ಬಿಡಬೇಕಾದ ಆಹಾರದಲ್ಲಿ ಪಂಚೋದುಂಬರ, ಅಂದರೆ ಅತ್ತಿ ಆಲಗಳ ಜಾತಿಯ ಐದು ಹಣ್ಣು, ಸೇರಿದೆ. ಒಳಗಿನ ಜೀವಕ್ಕೆ ನೋವಾಗಬಾರದು ಎಂಬುದೇ ಕಾರಣ. ಗಿಡಮರವೂ ಅವರಿಗೆ ವನಸ್ಪತಿಕಾಯ. ಸ್ಪರ್ಶವೊಂದೇ ಇಂದ್ರಿಯವಾಗಿರುವ ಜೀವ. ಕೊಡುವ ಮರವನ್ನು ಒಡೆಯ ಎಂದು ಹೊಗಳುವುದು ಸುಲಭ. ಹಣ್ಣು ಕೈಗೆಟಕುವಂತಿದ್ದರೂ ಮುಟ್ಟದಿರುವುದಕ್ಕೆ ಬೇರೆಯೇ ಗಟ್ಟಿತನ ಬೇಕು.

ಋಗ್ವೇದದಲ್ಲಿ ಮರದ ಒರಳನ್ನೂ ರಥವನ್ನೂ ‘ವನಸ್ಪತಿ’ ಎಂದೇ ಕರೆದು ಮಾತಾಡಿಸುವ ಮಂತ್ರಗಳಿವೆ. ಕಡಿದು, ಕೊರೆದು, ದುಡಿಮೆಗೆ ಹಚ್ಚಿದ ಮೇಲೂ ಮರದ ಹೆಸರನ್ನು ಕಿತ್ತುಕೊಳ್ಳಲಿಲ್ಲ. ಬಳಸುವುದು ತಪ್ಪೆಂದು ಆ ಮಂತ್ರ ಕಟ್ಟಿದವರಿಗೆ ಅನಿಸಿರಲಾರದು. ಯಾರನ್ನು ಬಳಸುತ್ತಿದ್ದೇವೆ ಎಂಬುದನ್ನು ಮರೆಯುತ್ತಿರಲಿಲ್ಲ, ಅಷ್ಟೆ.

ನಮ್ಮ ಕಾಲದಲ್ಲಿ ಆ ಹೆಸರು ಹೋಗಿ ಅಂಟಿಕೊಂಡದ್ದು ಡಬ್ಬಕ್ಕೆ. 1937ರಲ್ಲಿ ಡಾಲ್ಡಾ ಬಂತು: ಎಣ್ಣೆಗೆ ಹೈಡ್ರೋಜನ್ ಹಾಯಿಸಿ ತುಪ್ಪದ ಹಾಗೆ ಹೆಪ್ಪುಗಟ್ಟಿಸಿದ ಕೊಬ್ಬು. ಮನೆಮನೆಗಳಲ್ಲಿ ವನಸ್ಪತಿ ಎಂದರೆ ಅದೇ ಆಯಿತು. ಇಂಥ ಕೊಬ್ಬಿನಲ್ಲಿ ಹೃದಯಕ್ಕೆ ಕೇಡು ಮಾಡುವ ಟ್ರಾನ್ಸ್ ಕೊಬ್ಬು ಶೇ 2ನ್ನು ಮೀರಕೂಡದೆಂಬ ನಿಯಮ ಜಾರಿಯಾದದ್ದು 2022ರ ಜನವರಿಯಲ್ಲಿ. ತಮಾಷೆಯೆಂದರೆ, ಮೊದಲ ದಶಕಗಳಲ್ಲಿ ವನಸ್ಪತಿಗೆ ಬಳಸುತ್ತಿದ್ದುದು ಹೆಚ್ಚಾಗಿ ಕಡಲೆಕಾಯಿ ಎಣ್ಣೆ. ಕಡಲೆಕಾಯಿ ಗಿಡ ಹಳದಿ ಹೂ ಬಿಡುತ್ತದೆ, ಕಾಯಿ ಬಲಿತ ಮೇಲೆ ಒಣಗುತ್ತದೆ. ಚರಕನ ಲೆಕ್ಕದಲ್ಲಿ ಅದು ಓಷಧಿ.