ಅದೇ ಇದು ಎನ್ನುವುದಕ್ಕೆ ಆಧಾರ

ವೆಬ್ ಪುಟದ ಮೇಲೆ ಕಾಣುವ ಹೆಸರು, ಅಂಕಿ, ಪಟ್ಟಿಗಳನ್ನು ಒಳಗಿನ ದತ್ತಾಂಶಕ್ಕೆ ಗಂಟುಹಾಕುವುದೇ ಡೇಟಾ ಬೈಂಡಿಂಗ್. ಒಳಗೆ ಬದಲಾದದ್ದು ಹೊರಗೂ ಬದಲಾಗಬೇಕು. ದೊಡ್ಡ ಪುಟಗಳಲ್ಲಿ ಇದು ತಡವರಿಸುವುದಕ್ಕೆ ಕಾರಣ ಹುಡುಕಿದರೆ ಹಳೆಯದೊಂದು ದಾರ್ಶನಿಕ ಪ್ರಶ್ನೆ ಎದುರಾಗುತ್ತದೆ: ನಿನ್ನೆ ಕಂಡ ವಸ್ತುವೇ ಇಂದಿನದು ಎನ್ನುವುದಕ್ಕೆ ಆಧಾರವೇನು?

ಕ್ಷಣಿಕವಾದಿ ಬೌದ್ಧರಿಗೆ ಇರುವುದೆಲ್ಲ ಕ್ಷಣಮಾತ್ರದ್ದು. ಒಂದೇ ವಸ್ತುವೆಂದು ತೋರುವುದು ಒಂದರ ಬೆನ್ನಿಗೊಂದು ಹುಟ್ಟುವ ಕ್ಷಣಗಳ ಸಂತಾನ. ನ್ಯಾಯದರ್ಶನದವರಾದ ನೈಯಾಯಿಕರು ಇದಕ್ಕೆ ಎದುರಾಗಿ ಪ್ರತ್ಯಭಿಜ್ಞೆಯನ್ನು ಮುಂದಿಟ್ಟರು: ಅಂದು ಕಂಡ ದೇವದತ್ತನೆಂಬವನನ್ನು ಇಂದು ಗುರುತು ಹಿಡಿಯುತ್ತೇವಲ್ಲ? ದೀಪದ ಕುಡಿ, ಕತ್ತರಿಸಿದ ಮೇಲೆ ಮತ್ತೆ ಬೆಳೆದ ಉಗುರು ಕೂಡ ಅದೇ ಎಂದೇ ತೋರುತ್ತವೆ, ಆದರೆ ಅದಲ್ಲ ಎಂಬುದು ಬೌದ್ಧರ ಪಾಟೀಸವಾಲು. 10ನೇ ಶತಮಾನದ ನೈಯಾಯಿಕ ಉದಯನಾಚಾರ್ಯ ‘ಆತ್ಮತತ್ತ್ವವಿವೇಕ’ ಬರೆದದ್ದು ಈ ಬೌದ್ಧ ಪಕ್ಷವನ್ನು ಖಂಡಿಸಲೆಂದೇ.

ವೆಬ್ ಪುಟ ಕಟ್ಟುವ ಸಾಧನಗಳಿಗೆ ಮರಳಿದರೆ, 2010ರಲ್ಲಿ ಬಂದ ಆಂಗ್ಯುಲರ್‌ಜೆಎಸ್‌ಗೆ ಕ್ಷಣಿಕವಾದಿಯ ಶಂಕೆಯೇ ಸ್ವಭಾವ. ತಾನು ಗಮನಿಸುವ ಕೆಲಸವೊಂದನ್ನು ಬಳಕೆದಾರ ಮಾಡಿದಾಗಲೆಲ್ಲ, ಎಲ್ಲವೂ ಬದಲಾಗಿರಬಹುದೆಂದು ಅದು ಪ್ರತಿ ಬೈಂಡಿಂಗಿನ ಹಳೆಯ ಬೆಲೆಯನ್ನು ಹೊಸದರೊಂದಿಗೆ ಹೋಲಿಸುತ್ತದೆ. ಒಂದು ಬದಲಾಗಿದ್ದರೂ ಇನ್ನೊಂದು ಸುತ್ತು; 10 ಸುತ್ತಿಗೂ ನಿಲ್ಲದಿದ್ದರೆ ದೋಷವೆಂದು ಕೈಚೆಲ್ಲುತ್ತದೆ. 500 ಸಾಲು, 6 ಕಾಲಮ್ಮಿನ ಪಟ್ಟಿಯೆಂದರೆ 3000 ಬೈಂಡಿಂಗ್. ಹುಡುಕುವ ಚೌಕದಲ್ಲಿ ಒಂದಕ್ಷರ ಒತ್ತಿದರೆ ಸಾವಿರಾರು ಹೋಲಿಕೆ. ಸೆಕೆಂಡಿಗೆ 60 ಬಾರಿ ಬದಲಾಗುವ ಪರದೆಯಲ್ಲಿ ಇದಕ್ಕೆ ಸಿಗುವುದು 16 ಮಿಲಿಸೆಕೆಂಡು ಚಿಲ್ಲರೆ. ಎಂದೂ ಬದಲಾಗದ ಬೆಲೆಗಳನ್ನು ಒಮ್ಮೆ ಓದಿ ಬಿಟ್ಟುಬಿಡುವುದು ಮೊದಲ ಪರಿಹಾರ. ಅದೇ ವರ್ಷದ ಇನ್ನೊಂದು ಸಾಧನ ನಾಕ್‌ಔಟ್ ಬೇರೆ ದಾರಿ ಹಿಡಿಯಿತು: ಬದಲಾದ ಬೆಲೆಯೇ ತನ್ನನ್ನು ನೆಚ್ಚಿದವರಿಗೆ ಸುದ್ದಿ ಮುಟ್ಟಿಸುತ್ತದೆ.

ನಿಜವಾದ ತೊಡಕಿರುವುದು ಪಟ್ಟಿಗಳಲ್ಲಿ. ಸರ್ವರ್ ಅದೇ 500 ಸಾಲುಗಳನ್ನು ಮತ್ತೆ ಕಳಿಸಿದಾಗ ಅಕ್ಷರಕ್ಷರ ಒಂದೇ ಆಗಿದ್ದರೂ ಮೆಮೊರಿಯಲ್ಲಿ ಅವು ಹೊಸ ವಸ್ತುಗಳು. ಆಂಗ್ಯುಲರ್‌ಜೆಎಸ್ ಹಳೆಯ 500 ಸಾಲುಗಳನ್ನು ಕಿತ್ತು ಹೊಸದಾಗಿ ಕಟ್ಟುತ್ತದೆ. ಪ್ರತಿ ಸಾಲಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟರೆ ಅದು ದೇವದತ್ತನನ್ನು ಗುರುತು ಹಿಡಿಯುತ್ತದೆ, ಕಟ್ಟಿದ್ದು ಉಳಿಯುತ್ತದೆ. ಸಾಲು ಎಷ್ಟನೆಯದು ಎಂಬುದನ್ನೇ ಗುರುತಾಗಿಸಿದರೆ ಮಾತ್ರ ಎಡವಟ್ಟು. ಇಂಥದೇ ಮತ್ತೊಂದು ಸಾಧನವಾದ ರಿಯಾಕ್ಟ್‌ನಲ್ಲಿ ಹೀಗೆ ಮಾಡಿ ಮೊದಲ ಸಾಲನ್ನು ಅಳಿಸಿದರೆ, ಅದರ ಚೌಕದಲ್ಲಿ ಬಳಕೆದಾರ ಬರೆದಿದ್ದ ಮಾತು ಎರಡನೆಯ ಸಾಲಿಗೆ ಅಂಟಿಕೊಂಡು ಕೂರುತ್ತದೆ. ದೀಪದ ಕುಡಿಯನ್ನು ಅದೇ ಎಂದುಕೊಂಡ ತಪ್ಪೇ ಇದು.

ಹಾಗೆಂದು ನೈಯಾಯಿಕರು ಗೆದ್ದಂತಾಗಲಿಲ್ಲ. ಅವರ ಮತದಲ್ಲಿ ‘ಅದೇ’ ಎಂಬುದು ವಸ್ತುವಿನಲ್ಲೇ ಇದೆ. ಇಲ್ಲಿ ಅದನ್ನು ಪ್ರೋಗ್ರಾಮರ್ ಹೊರಗಿನಿಂದ ಹಚ್ಚುತ್ತಾನೆ. ಉಪಾಯ ನ್ಯಾಯದ್ದು, ನೆಲ ಬೌದ್ಧರದು. ಇನ್ನೂ ವೇಗ ಬೇಕೆಂದರೆ ಪರದೆಗೆ ಹಿಡಿಯುವ 30 ಸಾಲುಗಳನ್ನಷ್ಟೇ ಕಟ್ಟುವ ಪದ್ಧತಿಯಿದೆ. ಅರಿವಿಗೆ ಹೊರತಾದ ವಸ್ತುವಿಲ್ಲ ಎನ್ನುವ ವಿಜ್ಞಾನವಾದಿ ಬೌದ್ಧರು ನಕ್ಕಾರು: ಯಾರ ಕಣ್ಣಿಗೂ ಬೀಳದ 470 ಸಾಲುಗಳು ಪುಟದಲ್ಲಿ ಇರುವುದೇ ಇಲ್ಲ.